ಕುದುರೆ ಚಿಕಿತ್ಸೆಯ ನಡುವೆ ಸಂಘದ ಪದಾಧಿಕಾರ: ಉತ್ತರ ಕನ್ನಡದ ಪಶುವೈದ್ಯರಿಗೊಂದು ಮಾರ್ಗದರ್ಶಿ

ಜಿಲ್ಲೆಯ ಪಶುವೈದ್ಯರ ಸಂಘದ ವಾರ್ಷಿಕ ಸಭೆಯ ನೋಟಿಸು ಹೊರಡುವ ಹೊತ್ತಿಗೆ ಕಿರಿಯ ಸಹೋದ್ಯೋಗಿಗಳಿಂದ ಪ್ರತಿ ಸಲವೂ ಒಂದೇ ಪ್ರಶ್ನೆ ಬರುತ್ತದೆ. ಕುದುರೆಗಳನ್ನೂ ನೋಡುವ ಪಶುವೈದ್ಯರು ಸಂಘದ ಅಧ್ಯಕ್ಷ ಅಥವಾ ಕಾರ್ಯದರ್ಶಿ ಸ್ಥಾನವನ್ನು ಒಪ್ಪಿಕೊಳ್ಳಬಹುದೇ, ಒಪ್ಪಿಕೊಂಡರೆ ಎರಡನ್ನೂ ನಿಭಾಯಿಸುವುದು ಹೇಗೆ? ಒಪ್ಪಿಕೊಳ್ಳಬಹುದು ಎಂಬುದೇ ನನ್ನ ಉತ್ತರ. ಆದರೆ ನೀವಿಲ್ಲದ ದಿನ ಸಂಘವೂ ನಡೆಯಬೇಕು, ಕುದುರೆಗೂ ಚಿಕಿತ್ಸೆ ಸಿಗಬೇಕು. ಅದಕ್ಕೆ ಬೇಕಾದ ಏರ್ಪಾಡನ್ನು ಅಧಿಕಾರ ವಹಿಸಿಕೊಳ್ಳುವ ಮೊದಲೇ ಕಾಗದದ ಮೇಲೆ ಇಳಿಸಿರಬೇಕು. ಹೇಗಾದರೂ ಸಮಯ ಹೊಂದಿಸಿಕೊಳ್ಳುತ್ತೇನೆ ಎಂಬ ಭರವಸೆಯ ಆಯಸ್ಸು ಹೊಟ್ಟೆಶೂಲೆಯ ಮೊದಲ ಕರೆ ಬರುವವರೆಗೆ ಮಾತ್ರ.

ನಮ್ಮ ಜಿಲ್ಲೆಯಲ್ಲಿ ಕುದುರೆಗಳನ್ನೇ ನಂಬಿ ವೃತ್ತಿ ನಡೆಸುವುದು ಕಷ್ಟ. ಕಡಲತೀರದಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುವ ಕುದುರೆಗಳು, ರೆಸಾರ್ಟಿನ ಲಾಯದಲ್ಲಿರುವ ಒಂದೆರಡು, ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವವು, ಕುರಿಮಂದೆಯ ಜೊತೆ ಬಯಲುಸೀಮೆಯಿಂದ ಬರುವ ಹೊರೆ ಕುದುರೆಗಳು, ಇಷ್ಟರ ನಡುವೆ ಉಳಿದ ದಿನವೆಲ್ಲ ದನ, ಎಮ್ಮೆ, ನಾಯಿಗಳದ್ದೇ ಆಗಿರುತ್ತದೆ. ಕುದುರೆಗಳ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಹೊರೆ ಹಗುರವೆಂದು ತಿಳಿಯಬಾರದು. ದನಕ್ಕೆ ಕೆಚ್ಚಲು ಬಾವು ಬಂದರೆ ಪಕ್ಕದ ತಾಲೂಕಿನ ಯಾವ ವೈದ್ಯರೂ ನೋಡಬಲ್ಲರು. ಕುದುರೆಗೆ ಹೊಟ್ಟೆಶೂಲೆ ಬಂದಾಗ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವ ರೂಢಿ ಇರುವವರು ಕೈಬೆರಳೆಣಿಕೆಯಷ್ಟೇ. ಆ ಕರೆಯನ್ನು ಸುಲಭವಾಗಿ ಇನ್ನೊಬ್ಬರಿಗೆ ದಾಟಿಸಲಾಗದು ಎಂಬುದೇ ಇಲ್ಲಿನ ತೊಡಕು.

ಮೊದಲು ಕೈಯಲ್ಲಿರಬೇಕಾದವು: ಸಂಘದ ಬೈಲಾ ಪ್ರತಿ, ಅಂದರೆ ಸಂಘ ತನಗಾಗಿ ಬರೆದು ನೋಂದಾಯಿಸಿಕೊಂಡ ನಿಯಮಾವಳಿ, ಹಿಂದಿನ ಮೂರು ವರ್ಷಗಳ ಸಭೆಯ ತೀರ್ಮಾನಗಳನ್ನು ಬರೆದಿಟ್ಟ ನಡವಳಿ ಪುಸ್ತಕ ಮತ್ತು ಲೆಕ್ಕಪರಿಶೋಧನಾ ವರದಿ, ಸಂಘಗಳ ನೋಂದಣಿ ನೋಡಿಕೊಳ್ಳುವ ನಿಬಂಧಕರ ಕಚೇರಿಗೆ ಕೊನೆಯ ಬಾರಿ ದಾಖಲೆ ಸಲ್ಲಿಸಿದ್ದಕ್ಕೆ ಸಿಕ್ಕ ಸ್ವೀಕೃತಿ, ಮತ್ತು ನಿಮ್ಮದೇ ಕಳೆದ ವರ್ಷದ ಕರೆಗಳ ದಿನಚರಿ. ಕೊನೆಯದು ಇಲ್ಲದವರು ಇಂದಿನಿಂದಲೇ ಬರೆಯಲು ಆರಂಭಿಸಿ, ಪದವಿಯನ್ನು ಮುಂದಿನ ಅವಧಿಗೆ ಯೋಚಿಸುವುದು ಒಳ್ಳೆಯದು.

1. ಒಪ್ಪಿಗೆ ಕೊಡುವ ಮೊದಲು ವರ್ಷವನ್ನು ಬಿಡಿಸಿ ಬರೆಯಿರಿ

ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಮೇಲಿನ ಸಾಲಿನಲ್ಲಿ ಕುದುರೆಗಳ ವರ್ಷವನ್ನೂ ಕೆಳಗಿನ ಸಾಲಿನಲ್ಲಿ ಸಂಘದ ವರ್ಷವನ್ನೂ ಗುರುತಿಸಿ. ಕರಾವಳಿಯಲ್ಲಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಪ್ರವಾಸಿಗರ ಕಾಲ. ಜೀನಿನ ಪಟ್ಟಿ ಉಜ್ಜಿದ ಹುಣ್ಣು, ಕಾಲುಳುಕು, ಮರಳು ತಿಂದು ಬರುವ ಹೊಟ್ಟೆಶೂಲೆ ಇವೆಲ್ಲ ಆಗಲೇ ಹೆಚ್ಚು. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಕೆಲವು ಕುದುರೆಗಳಿಗೆ ಬೆವರು ಬರುವುದೇ ನಿಂತುಹೋಗುತ್ತದೆ. ಬೆವರಿನ ಮೂಲಕವೇ ಮೈ ತಂಪು ಮಾಡಿಕೊಳ್ಳುವ ಪ್ರಾಣಿಗೆ ಇದು ಸಣ್ಣ ವಿಷಯವಲ್ಲ. ಮಧ್ಯಾಹ್ನದ ಒಂದು ಸವಾರಿಯಲ್ಲಿಯೇ ಜ್ವರ ಏರಿ ಕುದುರೆ ಏದುಸಿರು ಬಿಡುತ್ತ ನಿಲ್ಲಬಹುದು. ಮಳೆಗಾಲದಲ್ಲಿ ಕಡಲತೀರ ಖಾಲಿಯಾದರೂ ನಿಮಗೆ ಬಿಡುವಿಲ್ಲ. ಒದ್ದೆ ಲಾಯದಲ್ಲಿ ಗೊರಸು ಕೊಳೆಯುತ್ತದೆ, ಚರ್ಮ ಕೆಡುತ್ತದೆ, ಕಚ್ಚುವ ನೊಣಗಳಿಂದ ಹರಡುವ ಸುರ್ರಾ ರೋಗದ ಭಯವೂ ಇರುತ್ತದೆ. ಆದರೂ ಇವು ಬಹುಮಟ್ಟಿಗೆ ದಿನ ಗೊತ್ತುಮಾಡಿ ಹೋಗಿ ನೋಡಬಹುದಾದ ಕೆಲಸಗಳು.

ಸಂಘದ ಸಾಲಿನಲ್ಲಿ ಮಾರ್ಚ್ 31ರ ಲೆಕ್ಕ ಮುಕ್ತಾಯ, ನಂತರದ ಲೆಕ್ಕಪರಿಶೋಧನೆ, ವಾರ್ಷಿಕ ಸಭೆ, ಏಪ್ರಿಲ್ ತಿಂಗಳ ಕೊನೆಯ ಶನಿವಾರದ ವಿಶ್ವ ಪಶುವೈದ್ಯಕೀಯ ದಿನ, ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನ ಬರುತ್ತವೆ. ಎರಡು ಸಾಲುಗಳನ್ನು ಒಟ್ಟಿಗೆ ನೋಡಿದ ಕೂಡಲೇ ಏಪ್ರಿಲ್ ತಿಂಗಳು ಕಣ್ಣಿಗೆ ಹೊಡೆಯುತ್ತದೆ: ಬೇಸಿಗೆ ರಜೆಯ ಶನಿವಾರ ಕಡಲತೀರ ತುಂಬಿರುವಾಗಲೇ ಸಂಘದ ದೊಡ್ಡ ಕಾರ್ಯಕ್ರಮವೂ ಬಂದಿರುತ್ತದೆ. ಅದರ ಹೊಣೆಯನ್ನು ಘಟ್ಟದ ಮೇಲಿನ ಸಹೋದ್ಯೋಗಿಯೊಬ್ಬರಿಗೆ ವರ್ಷದ ಆರಂಭದಲ್ಲಿಯೇ ವಹಿಸಿಬಿಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವರ್ಷ ಜಾತ್ರೆಯ ದಿನಗಳಲ್ಲಿ ಶಿರಸಿಯಲ್ಲಿ ಸಭೆ ಇಟ್ಟರೆ ಬಂದವರಿಗೆ ಉಳಿಯಲು ಕೋಣೆಯೂ ಸಿಗದು, ಗಾಡಿ ನಿಲ್ಲಿಸಲು ಜಾಗವೂ ಸಿಗದು.

2. ಬೈಲಾ ಓದಿ, ನಿಮ್ಮ ಗೈರುಹಾಜರಿಗೆ ಅದರಲ್ಲಿ ಜಾಗ ಹುಡುಕಿ

ನಮ್ಮಂಥ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಕೆಳಗೆ ನೋಂದಣಿಯಾಗಿರುತ್ತವೆ. ವಾರ್ಷಿಕ ಸಭೆಯ ನಂತರ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನಿಬಂಧಕರಿಗೆ ಸಲ್ಲಿಸಬೇಕಾಗುತ್ತದೆ. ಬಹಳ ಸಂಘಗಳು ಎಡವುವುದು ಇಲ್ಲಿಯೇ. ಸಭೆ ಅದ್ದೂರಿಯಾಗಿ ನಡೆದಿರುತ್ತದೆ, ಪತ್ರಿಕೆಯಲ್ಲಿ ಫೋಟೋ ಬಂದಿರುತ್ತದೆ, ಸಲ್ಲಿಸಬೇಕಾದ ಕಾಗದ ಕಾರ್ಯದರ್ಶಿಯ ಗಾಡಿಯ ಹಿಂದಿನ ಸೀಟಿನಲ್ಲಿ ಔಷಧದ ಡಬ್ಬಿಯ ಕೆಳಗೆ ಉಳಿದಿರುತ್ತದೆ. ಈ ಕೆಲಸವನ್ನು ಸಂಬಳ ಕೊಟ್ಟು ಲೆಕ್ಕಪರಿಶೋಧಕರ ಕಚೇರಿಗೇ ಒಪ್ಪಿಸಿ. ಸಂಘದ ಹಣದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಕಡಿಮೆ.

ಬೈಲಾ ಓದುವಾಗ ನಾಲ್ಕು ಸಂಗತಿಗಳನ್ನು ಹುಡುಕಿ. ಕೋರಂ ಎಷ್ಟು, ಅಂದರೆ ಸಭೆ ಸಿಂಧುವಾಗಲು ಕನಿಷ್ಠ ಎಷ್ಟು ಸದಸ್ಯರು ಹಾಜರಿರಬೇಕು? ಅಧ್ಯಕ್ಷರಿಲ್ಲದಾಗ ಉಪಾಧ್ಯಕ್ಷರು ತಾವಾಗಿಯೇ ಸಭೆ ನಡೆಸಬಹುದೇ, ಅಥವಾ ಲಿಖಿತ ಅಧಿಕಾರಪತ್ರ ಬೇಕೇ? ಜಂಟಿ ಕಾರ್ಯದರ್ಶಿಗೆ ನೋಟಿಸು ಹೊರಡಿಸುವ ಅಧಿಕಾರ ಇದೆಯೇ? ದೂರವಾಣಿ ಅಥವಾ ವಿಡಿಯೋ ಮೂಲಕ ಹಾಜರಾದವರನ್ನು ಹಾಜರಿಯಲ್ಲಿ ಲೆಕ್ಕ ಹಿಡಿಯುತ್ತಾರೆಯೇ? ಕೊನೆಯ ಮೂರರಲ್ಲಿ ಯಾವುದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ, ಪದವಿ ಒಪ್ಪಿಕೊಳ್ಳುವ ಮಾತುಕತೆಯಲ್ಲಿಯೇ ತಿದ್ದುಪಡಿಯನ್ನು ಕೇಳಿ. ಆಯ್ಕೆಯಾದ ಮೇಲೆ ಕೇಳಿದರೆ ಅದು ನುಣುಚಿಕೊಳ್ಳುವ ಯತ್ನದಂತೆ ಕಾಣುತ್ತದೆ.

ಅಮೆರಿಕದ ಕುದುರೆ ವೈದ್ಯರ ಸಂಘ 1954ರಲ್ಲಿ ಹುಟ್ಟಿದ್ದು. ಅಲ್ಲಿ ಅಧ್ಯಕ್ಷರಾಗುವವರು ಮೊದಲು ಉಪಾಧ್ಯಕ್ಷರಾಗಿ, ಬಳಿಕ ನಿಯೋಜಿತ ಅಧ್ಯಕ್ಷರಾಗಿ ಕೆಲಸ ಕಲಿತು ಆ ಸ್ಥಾನಕ್ಕೆ ಬರುತ್ತಾರೆ, ಇಳಿದ ಮೇಲೂ ನಿಕಟಪೂರ್ವ ಅಧ್ಯಕ್ಷರಾಗಿ ಜೊತೆಗಿರುತ್ತಾರೆ. ಒಬ್ಬರು ರಾತ್ರಿ ಲಾಯದಲ್ಲಿ ಸಿಕ್ಕಿಬಿದ್ದರೂ ವಿಷಯ ಬಲ್ಲ ಇನ್ನಿಬ್ಬರು ಇದ್ದೇ ಇರುತ್ತಾರೆ. ನಮ್ಮ ಜಿಲ್ಲಾ ಸಂಘಗಳಲ್ಲಿ ಉಪಾಧ್ಯಕ್ಷ ಸ್ಥಾನವನ್ನು ಹಿರಿಯರೊಬ್ಬರಿಗೆ ಗೌರವಕ್ಕೆಂದು ಕೊಡುವ ಪದ್ಧತಿ ಇದೆ. ಕುದುರೆ ವೈದ್ಯರು ಅಧ್ಯಕ್ಷರಾಗುವ ಅವಧಿಯಲ್ಲಾದರೂ ಈ ಪದ್ಧತಿಯನ್ನು ಬಿಟ್ಟು, ಓಡಾಡಿ ಕೆಲಸ ಮಾಡಬಲ್ಲವರನ್ನು ಆ ಸ್ಥಾನದಲ್ಲಿ ಕೂರಿಸಬೇಕು. ಹಿರಿಯರಿಗೆ ಗೌರವ ಸಲ್ಲಿಸಲು ಬೇರೆ ದಾರಿಗಳು ಬೇಕಾದಷ್ಟಿವೆ.

ಸರ್ಕಾರಿ ಸೇವೆಯಲ್ಲಿರುವವರು ತಮಗೆ ಅನ್ವಯಿಸುವ ನಡತೆ ನಿಯಮಗಳನ್ನು ಓದಿ, ಇಲಾಖೆಯ ಅನುಮತಿಯ ಅಗತ್ಯವನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಖಾಸಗಿ ವೃತ್ತಿಯವರು ಸಂಘದ ಲೆಟರ್‌ಹೆಡ್ಡಿನಲ್ಲಿ ತಮ್ಮ ಕ್ಲಿನಿಕ್ಕಿನ ವಿಳಾಸ ಮುದ್ರಿಸಬಾರದು. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 1992ರ ವೃತ್ತಿ ನಡತೆಯ ನಿಯಮಾವಳಿಯನ್ನು ಒಮ್ಮೆ ತಿರುವಿ ಹಾಕಿದರೆ ಇಂಥ ಮುಜುಗರಗಳು ತಪ್ಪುತ್ತವೆ.

3. ಕಾಯಬಲ್ಲ ಕರೆ, ಕಾಯಲಾರದ ಕರೆ

ಇದು ಇಡೀ ವ್ಯವಸ್ಥೆಯ ಬುನಾದಿ. ಉಳಿದೆಲ್ಲಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೆ ಕೊಡಿ. ಸಭೆಯ ಮಧ್ಯೆ ಫೋನ್ ಬಂದಾಗ ಎದ್ದು ಹೋಗಬೇಕೇ ಬೇಡವೇ ಎಂಬುದನ್ನು ಆ ಕ್ಷಣದ ಗಾಬರಿಗೆ ಬಿಡಬಾರದು. ಏನು ಕೇಳಬೇಕು, ಯಾವ ಉತ್ತರಕ್ಕೆ ಏನು ಮಾಡಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು.

ಹೊಟ್ಟೆಶೂಲೆಯ ಕರೆಯಲ್ಲಿ ನಾಡಿ, ಒಸಡಿನ ಬಣ್ಣ, ಕೊನೆಯ ಬಾರಿ ಲದ್ದಿ ಹಾಕಿದ ಹೊತ್ತು, ಹೊರಳಾಡುತ್ತಿದೆಯೇ, ಇದುವರೆಗೆ ಏನು ಔಷಧ ಕೊಟ್ಟಿದ್ದಾರೆ, ಈ ಐದನ್ನು ಕೇಳಿ. ಇದಕ್ಕೆ ಉತ್ತರ ಬರಬೇಕಾದರೆ ಲಾಯದವರಿಗೆ ನಾಡಿ ಹಿಡಿಯಲು ಕಲಿಸಿರಬೇಕು. ಕೆಳದವಡೆಯ ಮೂಳೆಯ ಒಳಬದಿಯಲ್ಲಿ ಬೆರಳಾಡಿಸಿದರೆ ಹಗ್ಗದಂತೆ ಜಾರುವ ರಕ್ತನಾಳವೊಂದು ಸಿಗುತ್ತದೆ. ಅದನ್ನು ಮೂಳೆಗೆ ಮೆಲ್ಲಗೆ ಒತ್ತಿ ಹಿಡಿದು, ಗಡಿಯಾರ ನೋಡಿ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಜ್ವರವಿಲ್ಲದ ಮೈಯ ಉಷ್ಣತೆ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಶೂಲೆಯ ಕುದುರೆಯ ನಾಡಿ 60 ದಾಟಿದ್ದು, ಒಸಡು ಇಟ್ಟಿಗೆಗೆಂಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅಧ್ಯಕ್ಷರ ಕುರ್ಚಿಯನ್ನು ಉಪಾಧ್ಯಕ್ಷರಿಗೆ ಬಿಟ್ಟು ಹೊರಡಬೇಕು. ಕುದುರೆಗೆ ವಾಂತಿಯಾಗುವುದಿಲ್ಲ. ಜಠರದಲ್ಲಿ ಒತ್ತಡ ಹೆಚ್ಚಿದರೆ ನಳಿಕೆಯ ಮೂಲಕ ಹೊರಗೆ ತೆಗೆಯದೆ ಬೇರೆ ದಾರಿಯಿಲ್ಲ, ತಡವಾದರೆ ಜಠರವೇ ಒಡೆಯಬಹುದು.

ನೀವು ತಲಪುವವರೆಗೆ ಮಾಲೀಕರು ಮಾಡಬೇಕಾದ್ದನ್ನೂ ಮಾಡಬಾರದ್ದನ್ನೂ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದು ಲಾಯದ ಗೋಡೆಗೆ ಅಂಟಿಸಿ. ಮೇವು ತೆಗೆದುಬಿಡಬೇಕು. ಬಾಯಿಯಿಂದ ಎಣ್ಣೆ, ಸೋಡಾ, ಕಷಾಯ ಯಾವುದನ್ನೂ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಶೂಲೆಗಿಂತ ದೊಡ್ಡ ಆಪತ್ತು. ಕೈಗೆ ಸಿಕ್ಕ ನೋವಿನ ಇಂಜೆಕ್ಷನ್ ಚುಚ್ಚಬಾರದು.

ಈಯುವ ಕುದುರೆಯ ಕರೆಗೂ ಕಾಲಾವಕಾಶ ಬಹಳ ಕಿರಿದು. ಹಸುವಿನ ಹೆರಿಗೆಯ ರೂಢಿಯಲ್ಲಿರುವ ಮಾಲೀಕರು ‘ಇನ್ನೂ ಹೊತ್ತಿದೆ’ ಎನ್ನುತ್ತಾರೆ. ಕುದುರೆಯಲ್ಲಿ ನೀರು ಒಡೆದ ಮೇಲೆ 20ರಿಂದ 30 ನಿಮಿಷಗಳಲ್ಲಿ ಮರಿ ಹೊರಬರಬೇಕು. ಬಿಳಿ ಪೊರೆಯ ಬದಲು ಕೆಂಪು ಪೊರೆಯೇ ಮೊದಲು ಕಾಣಿಸಿಕೊಂಡರೆ, ಮಾಸು ಬೇರ್ಪಟ್ಟು ಮರಿಗೆ ಉಸಿರು ಕಟ್ಟುತ್ತಿದೆ ಎಂದು ಅರ್ಥ. ಆಗ ನೀವು ದಾರಿಯಲ್ಲಿದ್ದುಕೊಂಡೇ ಫೋನಿನಲ್ಲಿ ಹೇಳಿ ಆ ಪೊರೆಯನ್ನು ಹರಿಸಿಬಿಡಬೇಕು. ಕೀಲಿನ ಹತ್ತಿರದ ಆಳವಾದ ಗಾಯ, ಕಣ್ಣಿನ ಪೆಟ್ಟು, ಬೆವರಿಲ್ಲದೆ ಏದುಸಿರು ಬಿಡುವ ಕುದುರೆ, ನಾಲ್ಕೂ ಕಾಲು ಸೆಡೆತುಕೊಂಡು ನಿಂತಿರುವ ಧನುರ್ವಾಯು ಶಂಕೆ ಇವೂ ಕಾಯಲಾರದವು.

ಹಲ್ಲು ಉಜ್ಜಿ ಸಮಮಾಡುವುದು, ಜಂತುನಾಶಕ, ಧನುರ್ವಾಯು ಲಸಿಕೆ, ಗೊರಸಿನ ಪರೀಕ್ಷೆ, ಆರೋಗ್ಯ ಪ್ರಮಾಣಪತ್ರ ಇವೆಲ್ಲ ಕಾಯಬಲ್ಲವು. ಇವನ್ನು ಬಿಡಿಬಿಡಿಯಾಗಿ ಒಪ್ಪಿಕೊಳ್ಳುವುದೇ ಸಮಯ ಸೋರುವ ದೊಡ್ಡ ತೂತು. ತಿಂಗಳಿಗೊಂದು ದಿನ ಕಾರವಾರದಿಂದ ಭಟ್ಕಳದ ಕಡೆಗೆ ಸಾಲಾಗಿ ಹೋಗಿ ಎಲ್ಲವನ್ನೂ ಮುಗಿಸಿ. ಅದೇ ದಿನ ಪ್ರತಿ ಲಾಯದಲ್ಲೂ ಹಿಡಿ ಲದ್ದಿಯನ್ನು ಪ್ಲಾಸ್ಟಿಕ್ ಕೈಗವಸಿನೊಳಗೆ ಹಾಕಿ ನೀರು ತುಂಬಿ, ಕುಲುಕಿ, ಬೆರಳಿನ ತುದಿ ಕೆಳಗಾಗುವಂತೆ ತೂಗುಹಾಕಿ. ಬೆರಳುಗಳೊಳಗೆ ಮರಳು ಕೂತರೆ ಆ ಕುದುರೆ ನೆಲದಿಂದ ಮೇವು ತಿನ್ನುತ್ತಿದೆ. ಮೇವನ್ನು ತೊಟ್ಟಿಯಲ್ಲಿ ಹಾಕಿಸಿ, ತೊಟ್ಟಿಯ ಕೆಳಗೆ ರಬ್ಬರ್ ಚಾಪೆ ಹಾಸಿಸಿ. ಇಲ್ಲಿ ತಪ್ಪಿಸಿದ ಶೂಲೆಯೇ ಮುಂದೊಂದು ದಿನ ಸಭೆಯ ನಡುವೆ ಬಾರದ ಕರೆ.

4. ಬದಲಿ ವೈದ್ಯರ ಏರ್ಪಾಡು, ಬರಹದಲ್ಲಿ

ಒಬ್ಬರಲ್ಲ, ಇಬ್ಬರು ಬೇಕು: ಒಬ್ಬರು ಕರಾವಳಿಯಲ್ಲಿ, ಇನ್ನೊಬ್ಬರು ಘಟ್ಟದ ಮೇಲೆ. ಕಾರವಾರದಿಂದ ಭಟ್ಕಳಕ್ಕೆ 120 ಕಿಲೋಮೀಟರಿಗೂ ಹೆಚ್ಚು ದೂರ, ಮಳೆಗಾಲದಲ್ಲಿ ದೇವಿಮನೆ ಘಟ್ಟವಾಗಲಿ ಅರಬೈಲ್ ಘಟ್ಟವಾಗಲಿ ಯಾವಾಗ ಮುಚ್ಚುತ್ತದೆಯೋ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋದದ್ದು, ಮರು ತಿಂಗಳೇ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದದ್ದು ಎಲ್ಲರಿಗೂ ನೆನಪಿದೆ. ಸಭೆಗೆಂದು ಶಿರಸಿಗೆ ಹತ್ತಿದವರು ಆ ರಾತ್ರಿ ಇಳಿಯಲು ಸಾಧ್ಯವಾಗದಿದ್ದರೆ ಕೆಳಗಿನ ಕುದುರೆಗಳನ್ನು ಯಾರು ನೋಡಬೇಕು ಎಂಬುದು ಜೂನ್ ಬರುವ ಮೊದಲೇ ಗೊತ್ತಾಗಿರಬೇಕು.

ಒಪ್ಪಂದ ಒಂದು ಪುಟ ಸಾಕು. ಬದಲಿಗೆ ಹೋದವರೇ ಶುಲ್ಕವನ್ನು ಪೂರ್ತಿಯಾಗಿ ಇಟ್ಟುಕೊಳ್ಳಬೇಕು. ಅರ್ಧ ಹಂಚಿಕೊಳ್ಳುವ ಲೆಕ್ಕದಿಂದ ಸ್ನೇಹವೂ ಉಳಿಯದು, ವ್ಯವಸ್ಥೆಯೂ ಉಳಿಯದು. ಮರುಭೇಟಿ ಯಾರದ್ದು, ಶಸ್ತ್ರಚಿಕಿತ್ಸೆ ಬೇಕೆನಿಸಿದರೆ ಎಲ್ಲಿಗೆ ಕಳಿಸಬೇಕು, ಸಾಗಾಟದ ಗಾಡಿಯವರ ದೂರವಾಣಿ ಯಾವುದು ಎಂಬುದೂ ಅದರಲ್ಲಿರಲಿ. ಬದಲಿ ವೈದ್ಯರಿಗೆ ಕುದುರೆಯ ರೂಢಿ ಕಡಿಮೆಯಿದ್ದರೆ ಮಳೆಗಾಲದ ಬಿಡುವಿನಲ್ಲಿ ಜೊತೆಗೆ ಕರೆದುಕೊಂಡು ಹೋಗಿ ನಳಿಕೆ ಇಳಿಸುವುದನ್ನು ಅಭ್ಯಾಸ ಮಾಡಿಸಿ.

ಕೇಸು ದಾಟಿಸುವಾಗ ಔಷಧದ ಹೆಸರು, ಪ್ರಮಾಣ, ಕೊಟ್ಟ ಗಂಟೆ ಈ ಮೂರನ್ನೂ ಸಂದೇಶದಲ್ಲಿ ಬರೆದೇ ಕಳಿಸಬೇಕು. ಫ್ಲುನಿಕ್ಸಿನ್ ಎಂಬ ನೋವುನಿವಾರಕ ಹಲವು ಗಂಟೆಗಳ ಕಾಲ ನೋವನ್ನು ಮರೆಮಾಚುತ್ತದೆ. ಕೊಟ್ಟ ವಿಷಯ ತಿಳಿಯದವರು ಕುದುರೆ ಸುಧಾರಿಸಿದೆ ಎಂದು ಭಾವಿಸಿ ಹೊರಟುಬಿಡಬಹುದು. ಕುದುರೆಯನ್ನು ಮಂಪರಿಗೆ ತರುವ ಕ್ಸೈಲಜಿನ್ ನಾಡಿಯನ್ನು ನಿಧಾನಗೊಳಿಸುತ್ತದೆ, ಕರುಳಿನ ಸದ್ದನ್ನೂ ತಗ್ಗಿಸುತ್ತದೆ. ಅದನ್ನು ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಎಣಿಸಿದ ನಾಡಿಯನ್ನು ನಂಬಿ ನಿರ್ಧಾರಕ್ಕೆ ಬರುವಂತಿಲ್ಲ.

5. ಸಭೆ, ನಡವಳಿ, ಹಣ

ಎಲ್ಲರಿಗೂ ರಜೆಯೆಂದು ಭಾನುವಾರ ಸಭೆ ಇಡುವುದು ವಾಡಿಕೆ. ಕಡಲತೀರದ ಕುದುರೆಗಳಿಗೆ ಅದೇ ಹೆಚ್ಚು ದುಡಿಮೆಯ ದಿನ. ಕಾರ್ಯಕಾರಿ ಸಮಿತಿಯ ಸಭೆಗಳನ್ನು ವಾರದ ನಡುವೆ ರಾತ್ರಿ ಎಂಟರಿಂದ ಒಂಬತ್ತರವರೆಗೆ ವಿಡಿಯೋದಲ್ಲಿ ನಡೆಸಿ, ಮುಖತಃ ಸೇರುವ ಸಭೆಗಳನ್ನು ಬೆರಳೆಣಿಕೆಗೆ ಇಳಿಸಿ, ಅವನ್ನು ಕುಮಟಾದಲ್ಲಿ ಇಡುವುದು ಸೂಕ್ತ. ಕಾರವಾರದವರಿಗೂ ಶಿರಸಿಯವರಿಗೂ ಭಟ್ಕಳದವರಿಗೂ ಅದು ಹೆಚ್ಚುಕಡಿಮೆ ನಡುದಾರಿ. ಕೊಂಕಣ ರೈಲಿನ ಅನುಕೂಲವೂ ಉಂಟು. ಹಳಿಯಾಳ, ಜೋಯಿಡಾದವರು ಗೊಣಗುತ್ತಾರೆ, ಅದು ನ್ಯಾಯವೇ. ಅವರಿಗಾಗಿ ವರ್ಷಕ್ಕೊಂದು ಸಭೆಯನ್ನು ದಾಂಡೇಲಿಯಲ್ಲಿ ಇಡಬಹುದು.

ನಡವಳಿಯನ್ನು ಸಭೆ ನಡೆಯುತ್ತಿರುವಾಗಲೇ ಜಂಟಿ ಕಾರ್ಯದರ್ಶಿ ಬರೆಯಲಿ. ಆಮೇಲೆ ಬರೆಯುತ್ತೇನೆಂದು ಎತ್ತಿಟ್ಟ ನಡವಳಿಯ ಮೇಲೆ ಎರಡು ಕುದುರೆ ಮತ್ತು ಒಂದು ಎಮ್ಮೆಯ ಕೇಸು ಬಂದು ಕುಳಿತರೆ ಯಾರು ಏನು ಹೇಳಿದರೆಂಬುದು ಯಾರಿಗೂ ನೆನಪಿರುವುದಿಲ್ಲ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಸಂಘದ ಬ್ಯಾಂಕ್ ಖಾತೆಯ ಒಟಿಪಿ ನಿಮ್ಮೊಬ್ಬರ ಮೊಬೈಲಿಗೆ ಬರುವಂತೆ ಇಡಬೇಡಿ. ಸಿಗ್ನಲ್ ಇಲ್ಲದ ತೋಟದ ನಡುವೆ, ಭುಜದವರೆಗೆ ಕೈಗವಸು ಹಾಕಿ ಗುದಪರೀಕ್ಷೆ ಮಾಡುತ್ತಿರುವಾಗ ಖಜಾಂಚಿ ಆ ಸಂಖ್ಯೆಗಾಗಿ ಕಾಯುತ್ತ ಕೂರುವ ಪರಿಸ್ಥಿತಿ ಬಾರದಿರಲಿ. ಸಂಘದ ಹೆಸರಿನಲ್ಲಿಯೇ ಒಂದು ಸಿಮ್ ಪಡೆದು ಖಜಾಂಚಿಯ ಬಳಿ ಇಡಿ, ಚೆಕ್ಕಿಗೆ ಮೂವರಲ್ಲಿ ಯಾರಾದರೂ ಇಬ್ಬರು ಸಹಿ ಮಾಡಬಹುದೆಂಬ ಠರಾವು ಮಾಡಿಸಿ. ಸಂಘದ ವಾಟ್ಸಾಪ್ ಗುಂಪಿಗೂ ಆ ಸಂಖ್ಯೆಯೇ ಇರಲಿ. ಹಬ್ಬದ ಶುಭಾಶಯಗಳ ರಾಶಿಯಲ್ಲಿ ಶೂಲೆಯ ಕರೆ ಹೂತುಹೋಗಬಾರದು.

6. ಎರಡೂ ಪಾತ್ರಗಳು ಒಂದೇ ದಿನ ಎದುರಾದರೆ

ಮೂಗಿನಿಂದ ಅಂಟುಸಿಂಬಳ, ಜ್ವರ, ಚರ್ಮದ ಮೇಲೆ ಸಾಲುಗಂಟುಗಳಿರುವ ಕುದುರೆಯನ್ನು ನೋಡಿ ನಿಮಗೆ ಗ್ಲಾಂಡರ್ಸ್ ಸಂದೇಹ ಬಂತೆಂದುಕೊಳ್ಳಿ. ಇದು ಮನುಷ್ಯರಿಗೂ ಹರಡುವ ಬ್ಯಾಕ್ಟೀರಿಯಾ ರೋಗ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿದೆ. ಆಗ ನೀವು ಮೊದಲು ಚಿಕಿತ್ಸಕರು, ಆಮೇಲೆ ಅಧ್ಯಕ್ಷರು. ಕುದುರೆಯನ್ನು ಬೇರ್ಪಡಿಸಿ, ಕೈಗವಸು ಮತ್ತು ಮುಖಗವಸು ಇಲ್ಲದೆ ಯಾರೂ ಮುಟ್ಟದಂತೆ ನೋಡಿ, ಪಶುಪಾಲನಾ ಇಲಾಖೆಗೆ ಲಿಖಿತವಾಗಿ ತಿಳಿಸಿ. ರಕ್ತದ ಮಾದರಿಯನ್ನು ಇಲಾಖೆಯ ಮೂಲಕವೇ ಕಳಿಸಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ರೋಗದ ಪರೀಕ್ಷೆಗೆ ಹೆಸರಾದದ್ದು. ಫಲಿತಾಂಶ ಬರುವ ಮೊದಲು ಸಂಘದ ಗುಂಪಿನಲ್ಲಿ ಫೋಟೋ ಹಾಕುವುದು, ಪತ್ರಕರ್ತರಿಗೆ ಅಧ್ಯಕ್ಷರಾಗಿ ಹೇಳಿಕೆ ಕೊಡುವುದು ಎರಡೂ ಸಲ್ಲದು. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆಯಿಲ್ಲ, ದಯಾಮರಣವೇ ಗತಿ. ಅದೊಂದನ್ನೇ ನಂಬಿ ಬದುಕುವ ಮಾಲೀಕನ ಮನೆಗೆ ಆ ಸುದ್ದಿ ಮೊಬೈಲಿನ ಫಾರ್ವರ್ಡ್ ಆಗಿ ಹೋಗಬಾರದು. ಪರಿಹಾರಕ್ಕಾಗಿ ಮಾಲೀಕನ ಪರ ಮನವಿ ಸಲ್ಲಿಸುವ ಹೊತ್ತು ಬಂದಾಗ ಸಂಘದ ಲೆಟರ್‌ಹೆಡ್ ತೆಗೆಯಬಹುದು. ಆಗಲೂ ಸಹಿ ಉಪಾಧ್ಯಕ್ಷರದ್ದಾಗಿರಲಿ.

7. ಮೈ ಮತ್ತು ಮನೆ

ರಾತ್ರಿಯಿಡೀ ಕುದುರೆಯ ಜೊತೆ ಕಳೆದ ಮರುದಿನ ಘಟ್ಟದ ತಿರುವುಗಳಲ್ಲಿ ಗಾಡಿ ಓಡಿಸಿಕೊಂಡು ಸಭೆಗೆ ಹೋಗಬೇಡಿ. ಫೋನಿನಲ್ಲಿ ಹಾಜರಾಗಿ ಅಥವಾ ರಜೆ ಕೇಳಿ. ಒದೆ ತಿಂದು ಮೊಣಕಾಲು ಬಾತಿದ್ದರೆ ಸಮಿತಿಗೆ ನಿಜವನ್ನೇ ಹೇಳಿ. ಮನೆಯವರನ್ನು ಟೆಲಿಫೋನ್ ಆಪರೇಟರ್ ಮಾಡಬಾರದು. ಸಂಘದ ಸದಸ್ಯರಿಗೆ ಮನೆಯ ಸಂಖ್ಯೆ ಕೊಡದಿರುವುದು ಅಹಂಕಾರವಲ್ಲ. ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳ ಪರೀಕ್ಷೆ, ಮನೆಯ ತಿಥಿ, ದೇವಕಾರ್ಯಗಳನ್ನು ಮೊದಲು ಬರೆದು, ಉಳಿದ ಖಾಲಿ ಚೌಕಗಳಲ್ಲಿ ಮಾತ್ರ ಸಭೆಯ ದಿನಾಂಕಗಳನ್ನು ಗುರುತಿಸಿ. ಪಶುವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ದಿನಾಂಕವೂ ಅದೇ ಕ್ಯಾಲೆಂಡರಿನಲ್ಲಿರಲಿ. ಪದಾಧಿಕಾರಿಯ ನೋಂದಣಿಯೇ ಕಾಲಮೀರಿದ್ದು ಚುನಾವಣೆಯ ಹೊತ್ತಿಗೆ ಬೆಳಕಿಗೆ ಬಂದರೆ ಉತ್ತರಿಸುವುದು ಕಷ್ಟ.

8. ಇಳಿಯುವ ಸಿದ್ಧತೆ

ಅವಧಿ ಮುಗಿಯಲು ಆರು ತಿಂಗಳಿರುವಾಗಲೇ ಮುಂದಿನವರನ್ನು ಗುರುತಿಸಿ ಜೊತೆಗೆ ಕೂರಿಸಿಕೊಳ್ಳಿ. ಬೇರೆ ಯಾರೂ ಸಿಗುತ್ತಿಲ್ಲ, ಇನ್ನೊಂದು ಅವಧಿ ನೀವೇ ಇರಿ ಎಂಬ ಒತ್ತಾಯ ಬಂದೇ ಬರುತ್ತದೆ. ಪ್ರವಾಸಿಗರ ಕಾಲ ಎರಡು ವರ್ಷ ಸತತವಾಗಿ ನಿಮ್ಮನ್ನು ಹಿಂಡಿದ್ದರೆ ಒಪ್ಪಬೇಡಿ. ಹಸ್ತಾಂತರದ ದಿನ ನಡವಳಿ ಪುಸ್ತಕ, ಸದಸ್ಯತ್ವ ದಾಖಲೆ, ರಸೀದಿ ಪುಸ್ತಕಗಳು, ಮೊಹರು, ನಿಬಂಧಕರ ಸ್ವೀಕೃತಿಗಳು, ಇಮೇಲ್ ಗುಪ್ತಪದ, ಸಂಘದ ಸಿಮ್ ಇವುಗಳ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಗೆ ಠರಾವಿನ ಪ್ರತಿಯನ್ನೂ ಹೊಸಬರ ಗುರುತಿನ ದಾಖಲೆಗಳನ್ನೂ ಕೇಳುತ್ತಾರೆ. ಹೊಸ ಸಹಿಯನ್ನು ಬ್ಯಾಂಕು ಒಪ್ಪಿಕೊಂಡ ಪತ್ರ ಕೈಗೆ ಬರುವವರೆಗೆ ಬೆನ್ನುಹತ್ತಿ, ಅದರ ಪ್ರತಿಯೊಂದನ್ನು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ.